ಬೆನ್ನು ನೆಟ್ಟಗೆ, ಬೆಲ್ಟು ಗಿಡ್ಡಕ್ಕೆ

ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸೋನಿಗೆ ಮೈಕೈ ನೋವು ಬರೋದು ಹೊಸದೇನಲ್ಲ. ಆದರೆ ನನಗೆ ನೋವು ಯಾವತ್ತೂ ಒಂಟಿಯಾಗಿ ಬಂದಿಲ್ಲ, ಜೊತೆಗೊಂದು ಫಜೀತಿಯನ್ನು ಕರೆದುಕೊಂಡೇ ಬಂದಿದೆ. ನಮ್ಮದು ಚಿಂತಾಮಣಿಯ ಆರ್ಕೆಸ್ಟ್ರಾ. ಸುತ್ತಲಿನ ತಾಲ್ಲೂಕುಗಳಲ್ಲಿ ಯಾರ ಮನೆ ರಿಸೆಪ್ಷನ್ ಆದರೂ ವೇದಿಕೆಯ ಒಂದು ಮೂಲೆಯಲ್ಲಿ ನಾವಿರ್ತೀವಿ. ನಮ್ಮ ಹಾಡನ್ನು ಕಿವಿಗೊಟ್ಟು ಕೇಳೋರು ಕಮ್ಮಿ, ಎಲ್ಲರ ಕಣ್ಣೂ ಊಟದ ಹಾಲ್ ಕಡೆಗೇ. ಆದರೆ ಎರಡು ನಿಮಿಷ ನಿಲ್ಲಿಸಿದರೆ ಸಾಕು, "ಏನ್ರೀ ಇದು, ಮದುವೆ ಮನೆ ಥರಾನೇ ಇಲ್ಲ" ಅಂತ ಜಗಳಕ್ಕೆ ಬರ್ತಾರೆ.

ಹೆಣ್ಣನ್ನೇ ನೋಡುತ್ತಿದ್ದವನು

ಎಲ್ಲಾ ಶುರುವಾಗಿದ್ದು ಮಂಚೇನಹಳ್ಳಿಯ ಒಂದು ರಿಸೆಪ್ಷನ್‌ನಲ್ಲಿ. ಆಗ ನಾನು ಹೆಗಲಿಗೆ ಹಾಕೋ ಬೆಲ್ಟನ್ನು ಉದ್ದಕ್ಕೆ ಬಿಟ್ಟು, ಗಿಟಾರು ತೊಡೆ ಹತ್ತಿರ ನೇತಾಡೋ ಹಾಗೆ ನುಡಿಸ್ತಿದ್ದೆ. ಅದೊಂದು ಸ್ಟೈಲು. ಅಷ್ಟು ಕೆಳಗಿರೋ ಗಿಟಾರಿನ ಮೇಲೆ ಎಡಗೈ ಬೆರಳು ಎಲ್ಲಿ ಕೂತಿದೆ ಅಂತ ಕಾಣಬೇಕಾದರೆ ಬೆನ್ನು ಗೂನು ಮಾಡಿ, ಕತ್ತನ್ನು ಎಡಕ್ಕೆ ತಿರುಗಿಸಿಕೊಂಡೇ ಇರಬೇಕು. ಅವತ್ತೂ ಹಾಗೇ ಇದ್ದೆ. ಹಾಡು ಮುಗೀತು, ಕತ್ತು ಎತ್ತೋಣ ಅಂತ ನೋಡಿದೆ. ತಲೆ ಮೇಲೆ ಬಂತು, ಆದರೆ ಎಡಕ್ಕೆ ತಿರುಗಿದ್ದು ತಿರುಗಿದ ಹಾಗೇ ನಿಂತುಬಿಟ್ಟಿತು. ಬಲಕ್ಕೆ ತರೋಣ ಅಂದರೆ ಪ್ರಾಣ ಹೋದಂಗಾಗ್ತಿತ್ತು.

ನನ್ನ ಎಡಗಡೆ ಏನಿತ್ತಪ್ಪ ಅಂದರೆ, ಮದುಮಗಳು.

ಮುಂದಿನ ಹಾಡು ಆಯ್ತು, ಅದರ ಮುಂದಿನದೂ ಆಯ್ತು, ನನ್ನ ಮುಖ ಆ ಹೆಣ್ಣಿನ ಕಡೆಗೇ. ಹೆಣ್ಣಿನ ಸೋದರಮಾವ ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

"ಏನಪ್ಪಾ, ಆವಾಗ್ಲಿಂದ ನೋಡ್ತಾ ಇದೀನಿ, ನಮ್ ಹುಡುಗೀನೇ ದಿಟ್ಟಿಸ್ತಾ ಇದ್ದೀಯ?"

"ಅಯ್ಯೋ ಇಲ್ಲ ಸಾರ್, ಕತ್ತು ಹಿಡ್ಕೊಂಡಿದೆ."

"ಮಾತಾಡ್ಬೇಕಾದ್ರೆ ನನ್ನ ನೋಡ್ಕೊಂಡು ಮಾತಾಡು!"

"ಅದೇ ಆಗ್ತಾ ಇಲ್ಲ ಸಾರ್."

ಕೊನೆಗೆ ಕಾಲಿಂದ ತಲೆಯವರೆಗೂ ಇಡೀ ಮೈಯನ್ನೇ ತಿರುಗಿಸಿಕೊಂಡು ಅವರ ಮುಖ ನೋಡಿದ ಮೇಲೆ ನಂಬಿದರು. ಪಾಪ, ಒಳ್ಳೆಯವರು, ಅಡುಗೆಯವರ ಹತ್ತಿರ ಬಿಸಿನೀರು ಇಸ್ಕೊಂಡು ಬಂದು ಬಟ್ಟೆ ಅದ್ದಿ ಕಾವು ಕೊಡಿಸಿದರು. ಆದರೆ ಆಲ್ಬಮ್ಮು ಉಳೀತಲ್ಲ! ಅದರಲ್ಲಿ ಗಂಡು ಕ್ಯಾಮೆರಾ ನೋಡ್ತಿದ್ದಾನೆ, ಹೆಣ್ಣು ಕ್ಯಾಮೆರಾ ನೋಡ್ತಿದ್ದಾಳೆ, ಪ್ರತಿ ಫೋಟೋದಲ್ಲೂ ಪಕ್ಕದಲ್ಲಿ ನಿಂತು ನಾನು ಹೆಣ್ಣನ್ನು ನೋಡ್ತಿದ್ದೀನಿ.

ಸ್ಟೈಲ್ ಬೇಕಾ, ಕೈ ಬೇಕಾ

ಕತ್ತು ಬಿಟ್ಟಿತು, ಆದರೆ ಎಡ ಹೆಗಲು ಹಿಡ್ಕೊಂಡಿತು. ಅಲ್ಲಿಂದ ನೋವು ಇಳಿದು ಮಣಿಕಟ್ಟಿಗೆ ಬಂತು, ಬೆರಳು ಜುಮುಗುಡೋಕೆ ಶುರುವಾಯ್ತು. ಹಾಡಿನ ಮಧ್ಯೆ ಕೈ ಬಿಡೋ ಹಂಗಾಯ್ತು. ನಮ್ಮ ಆರ್ಕೆಸ್ಟ್ರಾ ಯಜಮಾನರು ಸ್ವತಃ ಕೀಬೋರ್ಡ್ ನುಡಿಸೋರು. ಒಂದಿನ ಕರೆದು ಕೂರಿಸಿಕೊಂಡು ಹೇಳಿದರು:

"ನೋಡಪ್ಪಾ, ನನ್ನ ಕೀಬೋರ್ಡಲ್ಲಿ ಒಂದು ಬಟನ್ ಐತೆ. ಒತ್ತಿದ್ರೆ ಗಿಟಾರ್ ಸೌಂಡ್ ಬರತ್ತೆ. ಅದಕ್ಕೆ ಕತ್ತು ಹಿಡಿಯಲ್ಲ, ಕೈ ನೋಯಲ್ಲ, ಎರಡನೇ ಸಲ ಹೋಳಿಗೇನೂ ಕೇಳಲ್ಲ. ಗೌರಿಬಿದನೂರಿನ ಪ್ರೋಗ್ರಾಂ ಬರ್ತೈತಲ್ಲ, ಅದನ್ನ ಪೂರ್ತಿ ನುಡಿಸು, ಇರ್ತೀಯ. ಮಧ್ಯದಲ್ಲಿ ಕೈ ಬಿಟ್ಟೆ ಅಂದ್ರೆ ಬಟನ್ನೇ ಗತಿ."

ನನಗೆ ಹೊಟ್ಟೆ ಉರಿದುಹೋಯ್ತು. ಮೀಸೆ ಬರೋ ಮುಂಚೆ ಗಿಟಾರು ಹಿಡಿದವನು ನಾನು. ಬೇರೆ ವಿದ್ಯೆ ಕಲಿಯಲಿಲ್ಲ, ಕಲಿಯೋ ಆಸೆಯೂ ಇರಲಿಲ್ಲ. ಈಗ ಹೋಗಿ ಹೋಗಿ ಒಂದು ಬಟನ್ನಿಗೆ ಸೋಲೋದಾ? ಆಗಲ್ಲ ಅಂತ ಹಠ ಹಿಡಿದು, ಮಾರನೇ ದಿನವೇ ಗಿಟಾರು ಹೆಗಲಿಗೆ ಹಾಕಿಕೊಂಡು ಚಿಕ್ಕಬಳ್ಳಾಪುರದ ಬಸ್ ಹತ್ತಿದೆ. ಅಲ್ಲೊಬ್ಬರು ಫಿಸಿಯೋ ಡಾಕ್ಟರಮ್ಮ ಇದ್ದಾರೆ ಅಂತ ಯಾರೋ ಹೇಳಿದ್ದರು.

ಡಾಕ್ಟರಮ್ಮ ನನ್ನ ಕೈ ಮುಟ್ಟಿ ನೋಡಲೇ ಇಲ್ಲ. "ದಿನಾ ಹೇಗೆ ನಿಂತು ನುಡಿಸ್ತೀರೋ ಹಾಗೇ ನುಡಿಸಿ ತೋರಿಸಿ" ಅಂದರು. ನಾನು ಬೆಲ್ಟ್ ಇಳಿಬಿಟ್ಟು, ಒಂದು ಕಾಲು ಮುಂದಿಟ್ಟು, ಒಳ್ಳೇ ಕುಣಿಯೋ ಹಾಡೊಂದನ್ನು ಬಾರಿಸಿದೆ. ಅವರು ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಹೆಗಲು ಕಿವಿ ಹತ್ರ ಹೋಗಿದೆ. ಮಣಿಕಟ್ಟು ಮುರಿದ ಹಾಗೆ ಮಡಚಿದೆ. ಹೆಬ್ಬೆರಳಲ್ಲಿ ಗಿಟಾರನ್ನ ಹಿಸುಕ್ತಾ ಇದ್ದೀರ, ಅದೇನು ಓಡಿಹೋಗತ್ತಾ? ಯಾಕೆ ಇಷ್ಟು ಕೆಳಗೆ ನೇತಾಕಿದ್ದೀರ?"

"ಸ್ಟೈಲು ಮೇಡಂ."

"ವಯಸ್ಸೆಷ್ಟು?"

"ನಲವತ್ತಾರು."

"ಹೇಳಿ, ಸ್ಟೈಲ್ ಬೇಕಾ, ಕೈ ಬೇಕಾ?"

ಬೆಲ್ಟನ್ನು ಗಿಡ್ಡ ಮಾಡಿ ಗಿಟಾರನ್ನು ಎದೆಗೆ ಹತ್ತಿರ ಏರಿಸಿದರು. ಅದರ ಕುತ್ತಿಗೆ ಸ್ವಲ್ಪ ಮೇಲಕ್ಕಿರಲಿ, ಮಣಿಕಟ್ಟು ನೆಟ್ಟಗಿರಲಿ, ಹೆಗಲು ಇಳಿಬಿಡಿ, ಪ್ರತಿ ಹಾಡಾದ ಮೇಲೂ ಭುಜ ತಿರುಗಿಸಿ ಕೈ ಕೊಡವಿ ಅಂದರು. "ಈಗ ಮತ್ತೆ ನುಡಿಸಿ." ನುಡಿಸಿದೆ. ನಿಜ ಹೇಳ್ತೀನಿ, ಬೆರಳು ಹಗುರಾಗಿ ಓಡಿದವು, ಕಣ್ಣಲ್ಲಿ ನೀರು ಬಂತು. ಪಕ್ಕದ ಮಂಚದಲ್ಲಿ ಮಂಡಿಗೆ ಕರೆಂಟ್ ಕೊಡಿಸಿಕೊಳ್ತಾ ಮಲಗಿದ್ದ ಅಜ್ಜ ತಾಳ ಹಾಕ್ತಿದ್ದವರು, ಮಿಷನ್ ಪೀಂ ಅಂತ ನಿಂತ ತಕ್ಷಣ ಗಾಬರಿಯಾದರು.

"ಅಮ್ಮಾ, ಎಬ್ಬಿಸ್ಬೇಡ ಕಣಮ್ಮ. ಇನ್ನೊಂದು ಹಾಡಾಗೋವರೆಗೂ ಈ ಕಡೆ ಮಂಡೀಗೂ ಇಟ್ಟಿರು. ಅದು ನೋಯ್ತಾ ಇಲ್ಲ, ಆದ್ರೂ ಇಡು."

ಕಾಲಿಡೋಕೆ ಜಾಗ

ಕೂತು ಅಭ್ಯಾಸ ಮಾಡುವಾಗ ಕೈಯಿಲ್ಲದ ಕುರ್ಚಿ ಬೇಕು, ಎಡಗಾಲ ಕೆಳಗೆ ಗೇಣೆತ್ತರದ ಒಂದು ವಸ್ತು ಇಟ್ಕೊಳ್ಳಿ ಅಂತಲೂ ಡಾಕ್ಟರಮ್ಮ ಹೇಳಿದ್ದರು. ಕುರ್ಚಿ ಸಿಕ್ಕಿತು. ಕಾಲಿಗೆ ಮೂಲೆಯಲ್ಲಿದ್ದ ಮಣೆ ಎಳ್ಕೊಂಡೆ. ನಮ್ಮಮ್ಮ ಅಡುಗೆಮನೆಯಿಂದ ಓಡಿಬಂದರು.

"ಅಯ್ಯಯ್ಯೋ, ಅದು ನಿನ್ ಮದುವೇಲಿ ಕೂರ್ಸಿದ್ ಮಣೆ ಕಣೋ! ಅದರ್ ಮೇಲೆ ಕಾಲಿಡ್ತೀಯಾ?"

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಇಡಲಿ ಬಿಡಿ ಅತ್ತೆ, ನನಗೂ ಯಾವತ್ತಿಂದಲೋ ಅದನ್ನ ಒದೀಬೇಕು ಅನ್ನಿಸ್ತಿತ್ತು" ಅಂದಳು.

ಮಣೆ ಬಿಟ್ಟೆ. ರಾಗಿ ಅಳೆಯೋ ಸೇರನ್ನು ಬೋರಲು ಹಾಕಿದೆ. "ಲಕ್ಷ್ಮೀ ಕಣೋ ಅದು!" ಅಟ್ಟದ ಮೇಲಿದ್ದ ಹಳೇ ಪುಸ್ತಕದ ಕಟ್ಟು ಇಳಿಸಿದೆ. "ಸರಸ್ವತೀ ಕಣೋ!" ಹಾಳಾಗಲಿ ಅಂತ ಗಿಟಾರಿನ ಪೆಟ್ಟಿಗೆಯನ್ನೇ ಅಡ್ಡ ಮಲಗಿಸಿದೆ. "ಆಯುಧಪೂಜೇಲಿ ಅದಕ್ಕೂ ಕುಂಕುಮ ಇಟ್ಟಿದೀನಿ, ಕಾಲು ತೆಗಿ!"

ಹಿತ್ತಲಿಗೆ ಹೋಗಿ ಒಂದು ಕಲ್ಲು ತಂದೆ. ಅಮ್ಮ ಅದನ್ನು ಈ ಕಡೆ ಆ ಕಡೆ ತಿರುಗಿಸಿ ನೋಡಿದರು. ಒಂದು ಮೂಲೆಯಲ್ಲಿ ಅರಿಶಿನ ಇತ್ತು. ಕೊನೆಗೆ ಎರಡು ಹಲಗೆ ಚೂರು ತಂದು ನಾನೇ ಮೊಳೆ ಹೊಡೆದು ಮಾಡಿಕೊಂಡೆ, ಅಮ್ಮ ನೋಡೋ ಮುಂಚೆ ಬೇಗ ಬೇಗ ಕಾಲೂ ಇಟ್ಟುಬಿಟ್ಟೆ. ನಮ್ಮ ಮನೇಲಿ ಇನ್ನೂ ಪೂಜೆ ಕಾಣದೆ ಇರೋದು ಆ ಹಲಗೆ ಮತ್ತು ನಾನು, ಇಬ್ಬರೇ.

ಭುಜದ ಹಾಡು

ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರದವರ ಮನೆ ರಿಸೆಪ್ಷನ್. ಗಿಡ್ಡ ಬೆಲ್ಟ್ ಹಾಕಿಕೊಂಡು ಮೊದಲ ಸಲ ವೇದಿಕೆ ಹತ್ತಿದ್ದೆ. ನಮ್ಮ ಹಾಡುಗಾರ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಣ್ಣಾ, ಮಗೂಗೆ ತೇಗು ಬರಿಸ್ತಾ ಇದ್ದೀಯಾ?" ಅಂದಳು. ನಗಲಿ ಬಿಡು ಅಂದುಕೊಂಡೆ. ನಗೋರ ಹೆಗಲೇನು ನೋಯಲ್ವಲ್ಲ.

ಮೊದಲ ಹಾಡು ಮುಗಿದ ಕೂಡಲೇ ಡಾಕ್ಟರಮ್ಮ ಹೇಳಿದ ಹಾಗೆ ಎರಡೂ ಭುಜ ಹಿಂದಕ್ಕೆ ತಿರುಗಿಸಿದೆ, ಕೈ ಕೊಡವಿದೆ, ಕತ್ತನ್ನು ಆ ಕಡೆ ಈ ಕಡೆ ಬಾಗಿಸಿದೆ. ಮುಂದೆ ಕುಣೀತಿದ್ದ ಮಕ್ಕಳು ಅದನ್ನು ನೋಡಿ ಅವೂ ಭುಜ ತಿರುಗಿಸಿದವು. ಎರಡನೇ ಹಾಡಾದ ಮೇಲೆ ಗಂಡಿನ ಸ್ನೇಹಿತರೂ ಸೇರಿಕೊಂಡರು. ಮೂರನೆಯದಕ್ಕೆ ವಿಡಿಯೋದವನು ಗಂಡು ಹೆಣ್ಣನ್ನು ಕೆಳಗಿಳಿಸಿ, "ಸಾರ್, ನೀವೂ ಆ ಸ್ಟೆಪ್ ಹಾಕಿ, ಮೇಡಂ, ಕೈ ಚೆನ್ನಾಗಿ ಕೊಡವಿ" ಅಂತ ಶುರುಮಾಡಿದ. ಊಟದ ಸಾಲಲ್ಲಿ ನಿಂತಿದ್ದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಬಂದರು. ಇಡೀ ಛತ್ರ ಭುಜ ತಿರುಗಿಸ್ತಾ ಇದೆ, ನಾವು ಯಾರೂ ಏನೂ ನುಡಿಸ್ತಾ ಇಲ್ಲ!

ಅಷ್ಟರಲ್ಲಿ ಜನದ ನಡುವಿಂದ ನಮಗೊಂದು ಚೀಟಿ ಬಂತು. ಯಜಮಾನರು ಮೈಕಲ್ಲಿ ಗಟ್ಟಿಯಾಗಿ ಓದಿದರು: "ದಯವಿಟ್ಟು ಹಾಡು ಬೇಗ ಮುಗಿಸಿ, ಭುಜದ್ದು ಇನ್ನೊಂದ್ಸಲ ಹಾಕಿ."

ಗೌರಿಬಿದನೂರಿನ ಪರೀಕ್ಷೆ

ಆ ಪ್ರೋಗ್ರಾಂ ಬಂದೇ ಬಂತು. ದೊಡ್ಡ ಕುಳ, ದೊಡ್ಡ ಛತ್ರ, ಸಂಜೆಯಿಂದ ಊಟದ ಕೊನೇ ಪಂಕ್ತಿಯವರೆಗೂ ಹಾಡು. ಅವತ್ತು ಯಜಮಾನರ ಕೀಬೋರ್ಡ್ ಸ್ಟ್ಯಾಂಡಿನ ತಿರುಪು ಸಡಿಲವಾಗಿ, ಸೊಂಟದ ಹತ್ತಿರ ಇರಬೇಕಾದ ಕೀಬೋರ್ಡು ಮಂಡಿ ಮಟ್ಟಕ್ಕೆ ಕುಸಿದು ಕೂತಿತ್ತು. ಅವರು ನಾಟಿ ಮಾಡೋರ ಹಾಗೆ ಬಗ್ಗಿ ನುಡಿಸ್ತಿದ್ದರು.

"ಸಾರ್, ಸ್ಟ್ಯಾಂಡ್ ಎತ್ತರಿಸ್ಕೊಳಿ, ಸೊಂಟ ಹೋಗತ್ತೆ" ಅಂದೆ.

"ನಿನ್ನ ಡಾಕ್ಟರಿಕೆ ನಿನ್ ಹತ್ರಾನೇ ಇಟ್ಕೊಳಪ್ಪ. ನೀನು ಕೈ ಬಿಟ್ಟ ತಕ್ಷಣ ನಾನು ಬಟನ್ ಒತ್ತೋದೇ."

ಅರ್ಧ ಪ್ರೋಗ್ರಾಂ ಚೆನ್ನಾಗೇ ಹೋಯ್ತು. ಆಮೇಲೆ ಒಂದು ಉದ್ದದ ಹಾಡಿನ ನಡುವೆ ಕಿರುಬೆರಳು ಜುಮ್ಮೆಂದಿತು. ಮುಗೀತು ನನ್ನ ಕಥೆ, ಇವತ್ತು ಗಿಟಾರು ಮೂಲೆ ಸೇರಿತು ಅಂತಲೇ ಅನ್ನಿಸಿತು. ಇಲ್ಲ, ಬಿಡಲ್ಲ ಅಂತ ಹಲ್ಲು ಕಚ್ಚಿದೆ. ಹಲ್ಲು ಕಚ್ಚಿದರೆ ಹೆಗಲು ಮೇಲೇರತ್ತೆ ಅಂತ ನೆನಪಾಗಿ ಹಲ್ಲು ಬಿಟ್ಟೆ. ಉಸಿರು ಬಿಟ್ಟೆ, ಹೆಗಲು ಇಳಿಸಿದೆ, ಹೆಬ್ಬೆರಳು ಸಡಿಲ ಮಾಡಿದೆ, ಬೆನ್ನು ನೆಟ್ಟಗೆ ಮಾಡಿದೆ. ಎರಡು ಸಾಲು ಹಾಡು ಕಳೆಯೋದರಲ್ಲಿ ಬೆರಳು ಸರಿಹೋಯ್ತು. ಅಬ್ಬಾ, ಅವತ್ತಿನ ಸಂತೋಷ ನನಗೊಬ್ಬನಿಗೇ ಗೊತ್ತು.

ನನ್ನ ಪಾಲು ಮುಗೀತು, ಹಾಡುಗಾರ್ತಿ ಇನ್ನೂ ಕೊನೇ ಸಾಲು ಎಳೀತಿದ್ದಾಗಲೇ ಕೈ ಕೊಡವೋಕೆ ಗಿಟಾರಿಂದ ಕೈ ತೆಗೆದೆ. ನಾನು ಸೋತೆ ಅಂತ ಯಜಮಾನರು ಅಂದುಕೊಂಡರು. ಆ ಬಟನ್ನು ಕೀಬೋರ್ಡಿನ ಆ ತುದಿಯಲ್ಲಿತ್ತು. ಒಂದೇ ಸಲಕ್ಕೆ ಬಗ್ಗಿ ಕೈ ಚಾಚಿದರು ನೋಡಿ, ಸೊಂಟ ಕಳಕ್ ಅಂತು. ಹಾಗೇ ನಿಂತುಬಿಟ್ಟರು, ತಲೆ ಕೆಳಗೆ, ಕೈ ಮುಂದೆ. ಬೆರಳಿಗೂ ಬಟನ್ನಿಗೂ ನಡುವೆ ಗೇಣು ದೂರ.

"ಸಾರ್, ಏನಾಯ್ತು?"

"ಮೇಲೇಳೋಕಾಗ್ತಿಲ್ಲ ಕಣೋ" ಅಂತ ನೆಲ ನೋಡಿಕೊಂಡೇ ಪಿಸುಗುಟ್ಟಿದರು. "ಮಾನ ಉಳಿಸಪ್ಪ, ನಿಲ್ಲಿಸ್ಬೇಡ, ನೀನೇ ನುಡಿಸ್ಕೊಂಡು ಹೋಗು."

ನಾನು ಮುಂದಿನ ಹಾಡು ಎತ್ತಿಕೊಂಡೆ. ಕೀಬೋರ್ಡ್ ಪಾಲನ್ನೂ ಸೇರಿಸಿ ನುಡಿಸಿದೆ, ಹಾಡುಗಾರ್ತಿ ದನಿ ಏರಿಸಿ ಜೊತೆ ಕೊಟ್ಟಳು. ಅದೇ ಹೊತ್ತಿಗೆ ಸರಿಯಾಗಿ ಗಂಡಿನ ಅಜ್ಜ ಪೇಟ ಸುತ್ತಿಕೊಂಡು, ಅಕ್ಷತೆ ತಟ್ಟೆ ಹಿಡ್ಕೊಂಡು ವೇದಿಕೆ ಹತ್ತಿದರು. ನೋಡ್ತಾರೆ, ಎದುರಿಗೆ ಇಷ್ಟು ವಯಸ್ಸಾದ ಮನುಷ್ಯ ತಲೆ ಬಗ್ಗಿಸಿ, ಕೈ ಚಾಚಿ ನಿಂತಿದ್ದಾನೆ. ಅಜ್ಜನಿಗೆ ಮನಸ್ಸು ತುಂಬಿ ಬಂತು.

"ದೇವರು ಒಳ್ಳೇದು ಮಾಡ್ಲಿ, ಏಳಪ್ಪ" ಅಂತ ತಲೆ ಮೇಲೆ ಅಕ್ಷತೆ ಹಾಕಿದರು. ಯಜಮಾನರು ಏಳಲಿಲ್ಲ.

"ಸಾಕು, ಏಳಪ್ಪ." ಏಳಲಿಲ್ಲ. ಕನ್ನಡ ಬರಲ್ಲವೇನೋ ಅಂತ ತೆಲುಗಿನಲ್ಲೂ ಹೇಳಿದರು: "ಚಾಲು ನಾಯನಾ, ಲೇ." ಊಹೂಂ.

"ಏನ್ ಭಕ್ತಿ ನೋಡೇ!" ಅಂತ ಅಜ್ಜಿಯನ್ನು ಕರೆದರು. ಅಜ್ಜಿಯೂ ಹಾಕಿದರು. ಗಂಡು ಹೆಣ್ಣಿಗೆ ಹಾಕೋಕೆ ಅಕ್ಷತೆ ಹಿಡ್ಕೊಂಡು ಸಾಲಲ್ಲಿ ಬರ್ತಿದ್ದ ನೆಂಟರು, ಮನೆ ಹಿರೀಕರೇ ಹಾಕ್ತಾ ಇದ್ದಾರೆ ಅಂದ ಮೇಲೆ ಇವರೂ ಯಾರೋ ಬೇಕಾದೋರೇ ಇರಬೇಕು ಅಂತ ಒಂದೊಂದು ಹಿಡಿ ಹಾಕ್ತಾ ಹೋದರು. ಯಜಮಾನರ ಬೋಳು ತಲೆ ಹಳದಿಯಾಯ್ತು. ಅದರ ಅಡಿಯಿಂದ ಸಣ್ಣ ದನಿ ಬಂತು: "ಬಟನ್ ಮಾತು ಬಿಡಪ್ಪ, ಎಲ್ಲಾ ಪ್ರೋಗ್ರಾಮಿಗೂ ನೀನೇ ಬರಬೇಕು. ಮೊದಲು ಆ ಡಾಕ್ಟರಮ್ಮಂಗೆ ಫೋನ್ ಮಾಡು."

ಗೆದ್ದೆ! ಎದೆ ಇನ್ನೂ ಒಂದಂಗುಲ ಮುಂದೆ ಬಂತು, ಬೆನ್ನು ಇನ್ನೂ ನೆಟ್ಟಗಾಯ್ತು. ಹಾಡು ಮುಗಿಸಿ ತಲೆ ಎತ್ತಿದೆ. ಅಜ್ಜ ನನ್ನನ್ನೇ ನೋಡ್ತಾ ನಿಂತಿದ್ದರು, ಮುಖ ಕೆಂಪಾಗಿತ್ತು.

"ಏನಯ್ಯಾ, ನಿಮ್ ಯಜಮಾನರನ್ನ ನೋಡಿಯಾದ್ರೂ ಕಲ್ತ್ಕೊ, ದೊಡ್ಡೋರು ಬಂದ್ರೆ ಹೆಂಗೆ ಬಗ್ಗಬೇಕು ಅಂತ! ನೀನು ಆವಾಗ್ಲಿಂದ ಲೈಟ್ ಕಂಬದಂಗೆ ನೆಟ್ಟಗೆ ನಿಂತಿದ್ದೀಯಲ್ಲ, ಬೆನ್ನಿಗೇನಾದ್ರೂ ಕಾಯಿಲೇನಾ?"