ಕರಗಿದ ಲೋಟ

"ಲೋಟ ಕಾರಲ್ಲಿಟ್ಟೆ ತಾನೆ, ನೆವ್? ರೆಗ್ ಆಗಲೇ ಎರಡು ಸಲ ಫೋನ್ ಮಾಡಿ ಕೇಳ್ದ."

ಅಡುಗೆಮನೆಯ ಬಾಗಿಲಿನಿಂದ ಗ್ಲೆನಿಸ್ ಹೀಗೆ ಕೂಗಿದಾಗ ಅವಳ ಗಂಡ ನೆವಿಲ್ ಟ್ರೆಸೈಸ್ ಹಿತ್ತಲ ಶೆಡ್ಡಿನಲ್ಲಿ ಹದಿನಾಲ್ಕನೆಯ ತೋಟಾಕ್ಕೆ ಗುಂಡು ಕೂರಿಸುತ್ತಿದ್ದ.

"ಯಾವ ಲೋಟ?"

"ರೈಫಲ್ ಕ್ಲಬ್ಬಿನ ಲೋಟ ಕಣೋ, ಇವತ್ತಿನ ಪಂದ್ಯದ್ದು. ರೆಗ್ ನಿನ್ನೆ ತಂದುಕೊಟ್ಟ. ಮರದ ಪೀಠ ಒರೆಸೋಕೆ ಅಂತ ನಾನಿಟ್ಕೊಂಡು, ಲೋಟ ನಿನ್ನ ಬೆಂಚಿನ ಮೇಲಿಟ್ಟೆ. ಕಣ್ಣೆದುರಿಗಿದ್ರೆ ಮರೆಯಲ್ಲ ಅಂತ."

ನೆವಿಲ್ ಬೆಂಚಿನತ್ತ ನೋಡಿದ. ಅಚ್ಚು ಇತ್ತು, ಸೌಟು ಇತ್ತು, ಸೀಸ ಕಾಯಿಸುವ ಪಾತ್ರೆ ಇತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಎರಕ ಹೊಯ್ದ ನಲವತ್ತು ಗುಂಡುಗಳು ಮದುವೆಮನೆಯ ಬೆಳ್ಳಿ ಸಾಮಾನಿನಂತೆ ಫಳಫಳ ಹೊಳೆಯುತ್ತಿದ್ದವು. ಲೋಟ ಮಾತ್ರ ಇರಲಿಲ್ಲ. ಇತ್ತು ಎಂದರೂ ತಪ್ಪಲ್ಲ. ಆ ಗುಂಡುಗಳಲ್ಲೇ ಇತ್ತು.

ಆದದ್ದಿಷ್ಟೆ. ಬರಿಯ ಸೀಸ ಹೊಯ್ದರೆ ಅದು ಅಚ್ಚಿನ ಮೂಲೆಗೆ ಹರಿಯುವುದಿಲ್ಲ, ಗುಂಡು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ ಬೀಳುತ್ತದೆ. ಒಂದಿಷ್ಟು ತವರ ಬೆರೆಸಿದರೆ ಕನ್ನಡಿಯಂತೆ ಬರುತ್ತದೆ. ಅಂಗಡಿಯ ತವರ ದುಬಾರಿ. ಅದಕ್ಕೇ ಪೋರ್ಟ್ ಟ್ರೆನಾನ್ ಊರಿನ ಗುಂಡು ಹೊಯ್ಯುವವರೆಲ್ಲ ಚರ್ಚಿನ ಹಳೇ ಸಾಮಾನಿನ ಅಂಗಡಿಯಿಂದ ತವರದ ಲೋಟಗಳನ್ನು ತಂದು ಕರಗಿಸುತ್ತಾರೆ. ಬೆಳಿಗ್ಗೆ ಬೆಂಚಿನ ಮೇಲೆ ಮಂಕು ಬಡಿದ ಬೋಳು ಲೋಟವೊಂದನ್ನು ಕಂಡ ನೆವಿಲ್, ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಹೆಂಡತಿ ತನ್ನ ಹವ್ಯಾಸಕ್ಕೆ ನೆರವಾದಳೆಂದು ಕಣ್ಣು ಒದ್ದೆ ಮಾಡಿಕೊಂಡು ಅದನ್ನು ಪಾತ್ರೆಗೆ ಹಾಕಿದ್ದ. ಗೆದ್ದವರ ಹೆಸರೆಲ್ಲ ಇರುವುದು ಪೀಠದ ಮೇಲೆ. ಪೀಠವಿಲ್ಲದ ಲೋಟ ಪೇಟವಿಲ್ಲದ ಪೊಲೀಸಿನಂತೆ, ಗುರುತು ಹತ್ತುವುದಿಲ್ಲ.

"ಇಟ್ಟಿದ್ದೀನಿ," ಎಂದ ನೆವಿಲ್. ಅದು ಆ ದಿನದ ಮೊದಲ ಸುಳ್ಳು.

ಕ್ಲಬ್ಬಿನ ಒಂಬತ್ತನೆಯ ನಿಯಮ ಅವನಿಗೆ ಬಾಯಿಪಾಠವಿತ್ತು: ಕ್ಲಬ್ಬಿನ ಸ್ವತ್ತು ಹಾಳುಮಾಡಿದವರ ಸದಸ್ಯತ್ವ ರದ್ದು. ಸದಸ್ಯತ್ವ ಹೋದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ರೈಫಲ್ ಪೊಲೀಸ್ ಠಾಣೆ ಸೇರುತ್ತದೆ. ಅವನ ಅಪ್ಪ ಯುದ್ಧ ಮುಗಿದ ಮೇಲೆ ಸೇನೆಯ ಹರಾಜಿನಲ್ಲಿ ಕೊಂಡ ತ್ರೀ ನಾಟ್ ತ್ರೀ ಅದು. ಅಪ್ಪ ಬಿಟ್ಟುಹೋದದ್ದು ಅದೊಂದೇ, ಅದು ಬಿಟ್ಟರೆ ಬೊಕ್ಕತಲೆ.

ಶೆಡ್ಡಿನಿಂದ ಓಡಿ, ಅಡುಗೆಮನೆಯಲ್ಲಿದ್ದ ಪೀಠವನ್ನು ಕಂಕುಳಲ್ಲಿ ಇರುಕಿಕೊಂಡು, "ನೀನು ಮಧ್ಯಾಹ್ನ ಊಟಕ್ಕೆ ಪ್ಯಾಸ್ಟಿ ಕಡುಬು ತಗೊಂಡು ಮೈದಾನಕ್ಕೆ ಬಾ, ನಾನು ಮುಂಚೆ ಹೋಗಿರ್ತೀನಿ," ಎಂದು ಗ್ಲೆನಿಸ್‌ಗೆ ಹೇಳಿ ಕಾರು ಹತ್ತಿದ.

ಚರ್ಚಿನ ಅಂಗಡಿಯಲ್ಲಿ ಮರ್ಲ್ ಎಂಬ ಮುದುಕಿ ಹಳೇ ಉಲ್ಲನ್ ಉಂಡೆ ಸುತ್ತುತ್ತ ಕೂತಿದ್ದಳು.

"ತವರದ ಲೋಟ ಇದೆಯಾ ಮರ್ಲ್? ಹಿಡಿ ಇಲ್ಲದ್ದು?"

"ಪಂದ್ಯದ ದಿನ ಬೆಳಿಗ್ಗೆ ಯಾರಾದ್ರೂ ಒಬ್ರು ಬಂದು ಹೀಗೇ ಕೇಳ್ತಾರಪ್ಪ. ಯಾಕೋ ಏನೋ," ಎಂದಳು ಮರ್ಲ್. "ಒಂದೇ ಒಂದಿದೆ. ಹಿಡಿ ಇರೋದು."

ಅದಕ್ಕೆ ಹಿಡಿಯಷ್ಟೇ ಅಲ್ಲ, ಹೊಟ್ಟೆಯ ಮೇಲೆ ಮುಳ್ಳುಬಾಣ ಎಸೆಯುವ ಆಟದ ಕೆತ್ತನೆಯೂ ಇತ್ತು: 'ಡಾರ್ಟ್ಸ್, ಎರಡನೆಯ ಬಹುಮಾನ.' ಬೇಡ ಎನ್ನುವಷ್ಟು ಹೊತ್ತು ನೆವಿಲ್‌ಗೆ ಇರಲಿಲ್ಲ. ಅಂಗಡಿಯ ಹಿಂದೆ ನಿಂತು ಕಾರಿನಲ್ಲಿದ್ದ ಗರಗಸದಿಂದ ಹಿಡಿ ಕೊಯ್ದ. ಗುಂಡಿಗೆ ಸವರಲೆಂದು ಡಬ್ಬಿಯಲ್ಲಿ ಜೇನುಮೇಣ, ಕುರಿಕೊಬ್ಬು ಕಲಸಿಟ್ಟಿದ್ದ. ಅದಕ್ಕೆ ಕಾರಿನ ಹೊಗೆಕೊಳವೆಯ ಮಸಿ ಸೇರಿಸಿ ಅಕ್ಷರಗಳೊಳಗೆ ತುಂಬಿದ. ಉಳಿದದ್ದನ್ನು ಲೋಟದ ತುಂಬ ಬಳಿದು ಒರೆಸಿದ. ಅದೇ ಮೇಣದಿಂದ ಪೀಠಕ್ಕೆ ಅಂಟಿಸಿದ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ನೂರು ವರ್ಷದ ಲೋಟವೇ. ಒಂಬತ್ತು ಹೆಜ್ಜೆಯಿಂದ ಸ್ವಲ್ಪ ಅನುಮಾನ ಬರುತ್ತಿತ್ತು.

ಗೋಧಿ ಹೊಲಗಳ ನಡುವಿನ ಗುಂಡಿನ ಮೈದಾನಕ್ಕೆ ಅವನು ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಪಕ್ಕದ ಮನೆಯ ರೆಗ್ ಹಾಕಿಂಗ್, ಅಂದರೆ ಹೋದ ವರ್ಷದ ವಿಜೇತ, ಸಾಸೇಜ್ ಸುಡುತ್ತ ನಿಂತಿದ್ದ.

"ಬಂತಾ ಲೋಟ? ಹುಷಾರು ಮಾರಾಯ. ನಾನು ಕೊಟ್ಟಾಯ್ತು, ಇನ್ನು ಏನಾದ್ರೂ ಆದ್ರೆ ನಿಂದೇ ಜವಾಬ್ದಾರಿ," ಎಂದ ರೆಗ್. ಯಾಕೋ ಅವನು ಲೋಟದತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಲೋಟವನ್ನು ಕೈಗೆ ತೆಗೆದುಕೊಂಡದ್ದು ಕ್ಲಬ್ಬಿನ ಕ್ಯಾಪ್ಟನ್ ಥೆಲ್ಮಾ ಕೂಕೆಲ್. ಎಂಬತ್ತೊಂದು ವರ್ಷದ ಈ ಹೆಂಗಸು ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಮೊಮ್ಮಕ್ಕಳನ್ನು ಕಂಡ ಗಂಡಸರು ಕೂಡ ಅವರನ್ನು ಇವತ್ತಿಗೂ 'ಮಿಸ್' ಅಂತಲೇ ಕರೆಯುತ್ತಾರೆ. ಮಿಸ್ ಲೋಟವನ್ನು ಮೂಸಿದರು.

"ಕುರಿ ವಾಸನೆ ಬರ್ತಿದೆ, ನೆವಿಲ್."

"ಗ್ಲೆನಿಸ್ ಪಾಲಿಶ್ ಮಾಡಿದ್ದು, ಮಿಸ್."

ಮಿಸ್ "ಹೂಂ" ಎಂದು ಅದನ್ನು ಬಿಸಿಲಿನ ಮೇಜಿನ ಮೇಲಿಟ್ಟರು. ಅಕ್ಷರದ ಮಗ್ಗುಲು ಸದ್ಯ ಹಿಂದಕ್ಕಿತ್ತು.

ಆಗಲೇ ನೆವಿಲ್‌ಗೆ ಹೊಳೆದದ್ದು. ಈ ಲೋಟವನ್ನು ಇವತ್ತು ಗೆದ್ದವನು ಮನೆಗೆ ಒಯ್ಯುತ್ತಾನೆ, ತೊಳೆಯುತ್ತಾನೆ, ಓದುತ್ತಾನೆ. ಯಾರೂ ಓದಬಾರದೆಂದರೆ ಅದು ತನ್ನ ಮನೆಗೇ ಬರಬೇಕು. ಅಂದರೆ ತಾನು ಗೆಲ್ಲಬೇಕು. ಇಪ್ಪತ್ತೆರಡು ವರ್ಷದಲ್ಲಿ ಅವನು ನೂರಕ್ಕೆ ಎಪ್ಪತ್ತೊಂದರ ಮೇಲೆ ಹತ್ತಿದವನಲ್ಲ. ಅವನ ಗುಂಡುಗಳು ಗುರಿಹಲಗೆ ಬಿಟ್ಟು ಊರೆಲ್ಲ ಅಲೆಯುತ್ತವೆ ಎಂದು ರೆಗ್ ಹಂಗಿಸುತ್ತಿದ್ದ.

ಸರದಿ ಬಂತು. ನೆವಿಲ್ ಚಾಪೆಯ ಮೇಲೆ ಬೋರಲು ಮಲಗಿ ರೈಫಲ್ಲನ್ನು ಹೆಗಲಿಗೊತ್ತಿಕೊಂಡ. ಗುರಿ ನೂರು ಗಜ ದೂರದಲ್ಲಿತ್ತು. ಅವನ ಮನಸ್ಸು ಮಾತ್ರ ಹತ್ತು ಗಜ ಹಿಂದಿನ ಮೇಜಿನ ಮೇಲಿತ್ತು. ಮೊದಲ ಗುಂಡು ಹಾರಿಸಿ ಓರೆಗಣ್ಣಿನಿಂದ ನೋಡಿದ: ಲೋಟದ ಮೇಲೆ ನೊಣಗಳ ಜಾತ್ರೆ. ಎರಡನೆಯದು, ಮೂರನೆಯದು. ಮತ್ತೆ ನೋಡಿದ: ಬಿಸಿಲಿಗೆ ಕೊಬ್ಬು ಕರಗಿ ಮೇಜುಬಟ್ಟೆಯ ಮೇಲೆ ಕರೀ ಹನಿ. ಆರನೆಯದು ಹಾರಿದಾಗ ಮಿಸ್ ಸಾಕಿದ ದಪ್ಪ ನಾಯಿ ಬಿಸ್ಮಾರ್ಕ್ ಮೂಗು ಅರಳಿಸಿಕೊಂಡು ಮೇಜಿನತ್ತ ಹೊರಟಿತ್ತು. ಎಂಟನೆಯದಕ್ಕೆ ಅದರ ಮುಂಗಾಲುಗಳು ಮೇಜಿನ ಮೇಲಿದ್ದವು. ಒಂಬತ್ತನೆಯದಕ್ಕೆ ನಾಲಿಗೆ ಲೋಟದ ಮೇಲಿತ್ತು. ಹತ್ತನೆಯದನ್ನು ಹಾರಿಸಿ, ಬೋಲ್ಟ್ ಎಳೆದು, ರೈಫಲ್ ಬರಿದಾಗಿದೆ ಎಂದು ತೋರಿಸಿ, ಎದ್ದು ಓಡಿ ನಾಯಿಯನ್ನು ಗದರಿಸುವಷ್ಟರಲ್ಲಿ ಹಿಂದಿನಿಂದ ಚಪ್ಪಾಳೆ ಕೇಳಿಸಿತು.

"ತೊಂಬತ್ನಾಕು!" ಎಂದ ರೆಗ್, ಸಾಸೇಜಿನ ಇಕ್ಕಳ ಕೈಯಲ್ಲೇ ಹಿಡಿದು. "ಏನು ಹಾಕ್ಕೊಂಡು ಹೊಯ್ದೆಯೋ ಆ ಗುಂಡುಗಳ್ನ?"

ಗುರಿಯ ಚಿಂತೆ ಬಿಟ್ಟರೆ ಗುರಿ ತಾನಾಗಿ ಸಿಗುತ್ತದೆ ಎಂದು ಇಪ್ಪತ್ತೆರಡು ವರ್ಷ ಯಾರೂ ನೆವಿಲ್‌ಗೆ ಹೇಳಿಕೊಟ್ಟಿರಲಿಲ್ಲ.

ಬಹುಮಾನದ ಹೊತ್ತಿಗೆ ಗ್ಲೆನಿಸ್ ಪ್ಯಾಸ್ಟಿ ಹೊತ್ತು ಬಂದಿದ್ದಳು. ಮಿಸ್ ಎದ್ದು ನಿಂತು ಲೋಟ ಎತ್ತಿದರು. ಮೇಣ ಕರಗಿದ್ದ ಲೋಟ ಅವರ ಕೈಗೆ ಬಂತು, ಪೀಠ ಮೇಜಿನ ಮೇಲೇ ಉಳಿಯಿತು. ಬಿಸ್ಮಾರ್ಕ್ ನೆಕ್ಕಿದ ಜಾಗ ಲಕಲಕ ಹೊಳೆಯುತ್ತಿತ್ತು. ಮಿಸ್ ಕನ್ನಡಕ ಏರಿಸಿ, ಒಂದನೇ ಕ್ಲಾಸಿನ ಪಾಠ ಓದಿದಂತೆ ಓದಿದರು:

"ಡಾರ್ಟ್ಸ್. ಎರಡನೆಯ ಬಹುಮಾನ."

ನೆವಿಲ್ ಬಾಯಿ ತೆರೆಯುವ ಮೊದಲೇ ರೆಗ್ ಎದ್ದು ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು.

"ತಪ್ಪಾಯ್ತು ಮಿಸ್. ಫೆಬ್ರವರಿಯಲ್ಲಿ ಗೊತ್ತಿಲ್ದೆ ಕರಗಿಸ್ಬಿಟ್ಟೆ. ಬೇರೆ ತಂದಿಟ್ಟೆ. ಆದ್ರೆ..." ಅವನು ಲೋಟವನ್ನು ಬಗ್ಗಿ ನೋಡಿದ. "ನಾನು ತಂದಿದ್ರ ಮೇಲೆ ಹೀಗೆ ಬರೆದಿರ್ಲಿಲ್ಲ."

"ನಿಂದನ್ನ ಇವತ್ತು ಬೆಳಿಗ್ಗೆ ನಾನು ಕರಗಿಸ್ದೆ," ಎಂದ ನೆವಿಲ್. ಗ್ಲೆನಿಸ್ ಕೈಯ ಪ್ಯಾಸ್ಟಿ ತಟ್ಟೆ ಓರೆಯಾಯಿತು.

ಹಿಂದಿನ ಸಾಲಿನಿಂದ ಮುದುಕ ಆಲ್ಫ್ ಕೆಮ್ಮಿದ. "ಹಾಗಾದ್ರೆ ರೆಗ್ ಕರಗಿಸಿದ್ದು ನಾನಿಟ್ಟಿದ್ದ ಲೋಟ. ಕ್ಲಬ್ಬಿಂದನ್ನ ಕರಗಿಸಿದ್ದು ನಾನು."

"ಅದೆಲ್ಲಿತ್ತು ನಿನ್ನ ಹತ್ರ?" ಎಂದ ಇನ್ನೊಬ್ಬ. "ನಿನಗಿಂತ ಎರಡು ವರ್ಷ ಮುಂಚೆನೇ ನಾನು..." ಎಂದು ಅರ್ಧಕ್ಕೆ ನಿಲ್ಲಿಸಿ ತನ್ನ ಬೂಟು ನೋಡಿಕೊಂಡ.

"ಕೂತ್ಕೊಳ್ಳಿ ಎಲ್ರೂ," ಎಂದರು ಮಿಸ್. "ಹನ್ನೊಂದು ವರ್ಷ, ಏಳು ಲೋಟ. ಪ್ರತಿ ಸಲ ತಳ ತಿರುಗಿಸಿ ನೋಡ್ತೀನಿ, ನಾನು ಗೀಚಿಟ್ಟ ಗುರುತು ಮಾಯ. ಒಂಬತ್ತನೇ ನಿಯಮ ಹಾಕಿದ್ರೆ ಈ ಕ್ಲಬ್ಬಲ್ಲಿ ನಾನೂ ಬಿಸ್ಮಾರ್ಕೂ ಇಬ್ರೇ ಉಳೀತೀವಿ. ಅವನೂ ಇವತ್ತು ಒಂದಿಷ್ಟು ನೆಕ್ಕಿದಾನೆ."

ನೆವಿಲ್‌ಗೆ ಹೋದ ಜೀವ ಬಂದಂತಾಯಿತು. ಮಡಿಲಲ್ಲಿದ್ದ ಅಪ್ಪನ ರೈಫಲ್ಲಿನ ಮರದ ಹಿಡಿಯನ್ನು ಕೂಸಿನ ಬೆನ್ನು ಸವರಿದಂತೆ ಸವರಿದ. ರೆಗ್ ಅವನ ತೊಡೆಗೆ ಗುದ್ದಿದ, ಅವನು ರೆಗ್‌ಗೆ ಗುದ್ದಿದ. ಮೊದಲು ನಕ್ಕವಳು ಗ್ಲೆನಿಸ್.

"ಹಾಗಾದ್ರೆ ಅಸಲಿ ಲೋಟ ಯಾರು ಕರಗಿಸಿದ್ದು, ಮಿಸ್?" ಎಂದು ಅವಳೇ ಕೇಳಿದಳು.

"ಕರಗಿಸೋಕೆ ಹೊರಟವರು ನಮ್ಮ ಮನೆಯವರು. ಪಾತ್ರೆಗೆ ಬೀಳೋ ಮುಂಚೆ ಕಿತ್ಕೊಂಡೆ. ಅವತ್ತಿಂದ ಅದು ನನ್ನ ಹ್ಯಾಟಿನ ಡಬ್ಬೀಲಿದೆ, ನಿಮ್ಮ ಕೈಗೆ ಬರೀ ಚರ್ಚಿನಂಗಡಿದು." ಮಿಸ್ ಮೇಜಿನ ಕೆಳಗಿನಿಂದ ಡಬ್ಬಿ ಎತ್ತಿ, ಹತ್ತಿಬಟ್ಟೆ ಬಿಚ್ಚಿ, ಅಸಲಿ ಲೋಟವನ್ನು ಪೀಠದ ಮೇಲಿಟ್ಟರು. "ಕ್ಲಬ್ಬಿಗೆ ಈ ವರ್ಷ ನೂರು ತುಂಬ್ತು. ಇವತ್ತು ಇದು ಗೆದ್ದವರ ಮನೆಗೇ ಹೋಗ್ಬೇಕು. ಬಾ, ನೆವಿಲ್."

ನೆವಿಲ್ ಎರಡೂ ಕೈ ಚಾಚಿದ. ಲೋಟ ಕೈಗೆ ಬರಲಿಲ್ಲ.

"ಒಂದು ಷರತ್ತು. ಈ ಲೋಟ, ಎರಕದ ಪಾತ್ರೆ, ಎರಡೂ ಒಂದೇ ಮನೆಯಲ್ಲಿರ್ಬಾರ್ದು. ಲೋಟ ನಿನ್ನ ಹತ್ರ ಇರೋವರೆಗೆ ಪಾತ್ರೆ ನನ್ನ ಹತ್ರ. ಈಗ್ಲೇ ಬರ್ತೀನಿ, ತಗೊಂಡು ಹೋಗೋಕೆ."

ನೆವಿಲ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೊಯ್ದದ್ದು ನಲವತ್ತು, ಹಾರಿದ್ದು ಹತ್ತು. ಗೆದ್ದವನಿಗೆ ಇನ್ನು ವರ್ಷಕ್ಕೆ ಮೂವತ್ತು ಗುಂಡು. ಸೋತವರಿಗೆ ಬೇಕಾದಷ್ಟು.

ಸಂಜೆ ಶೆಡ್ಡಿನಲ್ಲಿ ಮಿಸ್ ಸ್ಟೂಲಿನ ಮೇಲೆ ಕೂತು ಗ್ಲೆನಿಸ್ ಕೊಟ್ಟ ಟೀ ಕುಡಿಯುತ್ತಿದ್ದರು. ಬಿಸ್ಮಾರ್ಕ್ ಕಾಲ ಬಳಿ ಮಲಗಿತ್ತು.

"ಒಳಗೆ ಸೀಸ ಗಟ್ಟಿಯಾಗ್ಬಿಟ್ಟಿದೆ, ಮಿಸ್," ಎಂದ ನೆವಿಲ್, ಕೊನೆಯ ಪ್ರಯತ್ನವಾಗಿ. "ಕಾಯಿಸಿ ತೆಗೆದು, ಖಾಲಿ ಮಾಡಿ, ನಾಳೆ ನಾನೇ ತಂದುಕೊಡ್ತೀನಿ."

"ಹಾಗೇ ಕೊಡು. ಅದರಲ್ಲಿರೋದು, ನಕಲಿಯಾದ್ರೂ, ಕ್ಲಬ್ಬಿನ ಲೋಟ."

ಅವನು ಪಾತ್ರೆಯನ್ನು ಅವರ ಮಡಿಲಿಗಿಟ್ಟ. ಅಷ್ಟರಲ್ಲಿ ಬೇಲಿಯ ಸಂದಿಯಿಂದ ರೆಗ್ ನುಸುಳಿ ಬಂದ. ಕಂಕುಳಲ್ಲಿ ಟವೆಲ್ ಸುತ್ತಿದ ಏನನ್ನೋ ಇಟ್ಟುಕೊಂಡು, ನೆವಿಲ್‌ಗೆ ಕಣ್ಣು ಹೊಡೆಯುತ್ತ, ಗೆಳೆಯನನ್ನು ಕೈಬಿಡದವನ ಹೆಮ್ಮೆಯಿಂದ ಶೆಡ್ಡಿನೊಳಕ್ಕೆ ಕಾಲಿಟ್ಟ. ಬಾಗಿಲ ಮರೆಯ ಸ್ಟೂಲು ಅವನಿಗೆ ಕಂಡಿರಲಿಲ್ಲ.

ಮಿಸ್ ತಿರುಗಿ ನೋಡಲಿಲ್ಲ. ಟೀ ಕಪ್ಪನ್ನು ಬಲಗೈಗೆ ಬದಲಿಸಿಕೊಂಡು, ಎಡಗೈ ಚಾಚಿದರು. ರೆಗ್ ಟವೆಲ್ ಬಿಚ್ಚಿ ತನ್ನ ಎರಕದ ಪಾತ್ರೆಯನ್ನೂ ಆ ಕೈಗಿಟ್ಟ.