ಡೆನ್ಮಾರ್ಕಿನ ತಟ್ಟೆ ವೀಳ್ಯಕ್ಕೆ ಕೂತದ್ದು

ಹನಗೋಡಿನ ಸಣ್ಣಬೀರಯ್ಯನವರಿಗೆ ಹೆಂಡತಿ ಪುಟ್ಟಸಿದ್ದಮ್ಮನ ಮೇಲೆ ಒಂದೇ ಒಂದು ದೂರು. ಅವಳಿಗೆ ಬೆರಗಾಗುವುದೇ ಗೊತ್ತಿಲ್ಲ.

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ತರಲು ಕೊಡಗಿನ ತೋಟವೊಂದಕ್ಕೆ ಹೋಗಿದ್ದಾಗ, ಬಂಗಲೆ ಖಾಲಿ ಮಾಡುತ್ತಿದ್ದ ಅಲ್ಲಿನ ಅಜ್ಜಿ ಅವರಿಗೊಂದು ಹಿತ್ತಾಳೆ ತಟ್ಟೆ ಕೊಟ್ಟಿದ್ದರು. ಮಗಳು ಸಿಂಧು ತಳದ ಮುದ್ರೆ ಓದಿ, ಫೋನಿನಲ್ಲಿ ಹುಡುಕಿ, ಇದು ಡೆನ್ಮಾರ್ಕ್ ದೇಶದ್ದು, ಅರವತ್ತು ಎಪ್ಪತ್ತು ವರ್ಷದ ಹಿಂದಿನದು, ಮೇಜಿನ ಅಂದಕ್ಕೆ ಇಡುವಂಥದ್ದು ಎಂದಳು. ಅಂದೇ ತಟ್ಟೆ ಟೀವಿ ಪಕ್ಕದಲ್ಲಿ ಪಟ್ಟಕ್ಕೇರಿತು.

ಅದರಲ್ಲಿ ಬಳ್ಳಿಯಿಲ್ಲ, ನವಿಲಿಲ್ಲ, ಆನೆಯಿಲ್ಲ. ಕೊಕ್ಕರೆಯಂಥ ಮೂರು ಸಣಕಲು ಕಾಲು. ಅದರ ಮೇಲೆ ಆಗಷ್ಟೇ ಸುಳಿ ಬಿಚ್ಚಿದ ಬಾಳೆಯೆಲೆಯಂತೆ ಬಾಗಿದ ತಗಡು. ಬೆಸುಗೆ ಎಲ್ಲಿದೆಯೆಂದು ಬೆರಳಾಡಿಸಿ ಹುಡುಕಿದರೂ ಸಿಗದು. ಎಳೆಬಿಸಿಲು ಬಿದ್ದರೆ ಗೋಡೆಯೆಲ್ಲ ಮಾಗಿದ ಭತ್ತದ ಬಣ್ಣ. ಸಣ್ಣಬೀರಯ್ಯ ಅದರ ಮುಂದೆ ಕೂತರೆ ಕೈಯಲ್ಲಿದ್ದ ಕಾಫಿ ಆರಿ ಕೆನೆ ಕಟ್ಟುತ್ತಿತ್ತು.

"ಮುದ್ದೆ ಇಕ್ಕಿದ್ರೆ ಉರುಳ್ತದೆ, ಸಾರು ಬುಟ್ರೆ ಸುರೀತದೆ. ಆ ದೇಸದೋರು ಇದ್ರಲ್ಲಿ ಏನ್ ತಿಂತಾರೆ?" ಎಂದಳು ಪುಟ್ಟಸಿದ್ದಮ್ಮ.

"ತಿನ್ನಕ್ಕಲ್ಲ ಕಣಮ್ಮಿ, ನೋಡಕ್ಕೆ."

"ನೋಡಿ ಒಟ್ಟೆ ತುಂಬೋದಾದ್ರೆ ನಾನ್ ಇವತ್ತು ಒಲೆ ಅಚ್ಚಾಕಿಲ್ಲ."

ಅಷ್ಟರಲ್ಲಿ ಸಿಂಧುವಿಗೆ ರಾವಂದೂರಿನ ನಿಂಗರಾಜು ಅವರ ಮಗನ ಜೊತೆ ಸಂಬಂಧ ಗಟ್ಟಿಯಾಯಿತು. ನಿಶ್ಚಿತಾರ್ಥದ ವೀಳ್ಯದ ದಿನ ಎರಡೂ ಕಡೆಯವರು ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆಗಳನ್ನು ಬದಲಾಯಿಸಿಕೊಳ್ಳಬೇಕು. ಕೈ ಬದಲಾದ ತಟ್ಟೆ ಹೋದ ಮನೆಯಲ್ಲೇ ಉಳಿಯುವುದು ಪದ್ಧತಿ. (ಸುತ್ತಲ ಹಳ್ಳಿಗಳ ವೀಳ್ಯಕ್ಕೆಲ್ಲ ಈ ಪದ್ಧತಿ ಹೇಳಿಕೊಡುವವರು ಸಣ್ಣಬೀರಯ್ಯನವರೇ.) ಆದರೆ ನೀರಾವರಿ ಜಮೀನಿನ ಬೀಗರು ತಮ್ಮನ್ನು ಹಗುರವಾಗಿ ಎಣಿಸಿಯಾರು ಎಂಬ ಅಳುಕು ಅವರನ್ನು ಕೂರಗೊಡಲಿಲ್ಲ.

"ನಮ್ಮ ವೀಳ್ಯ ಡೆನ್ಮಾರ್ಕಲ್ಲೇ. ಕಣ್ ಬುಟ್ಕೊಂಡು ನೋಡ್ಲಿ."

"ಓಯ್ತದೆ ಕಣ್ರೀ ಅದು."

"ಎಲೆ ಕಾಯಿ ಅವರ ಮಡ್ಲಿಗೆ ಸುರ್ದು ತಟ್ಟೆ ಎತ್ಕೊಬುಡ್ತೀನಿ ಸುಮ್ಕಿರು."

ಆ ದಿನ ನಿಂಗರಾಜು ತಮ್ಮ ಸ್ಟೀಲ್ ತಟ್ಟೆ ಕೊಟ್ಟು, ಡೆನ್ಮಾರ್ಕಿನದನ್ನು ಎರಡೂ ಕೈಯಲ್ಲಿ ಹಿಡಿದವರು ಕಣ್ಣೆತ್ತರಕ್ಕೆ ಎತ್ತಿ ನೋಡಿದರು. ಚಪ್ಪರದವರೆಲ್ಲ ಕತ್ತು ಚಾಚಿದರು. ಅವರ ಹೆಂಡತಿ ಮರಮ್ಮ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡರು. ಸಣ್ಣಬೀರಯ್ಯನವರ ಎದೆ ಅಂಗಿಯ ಗುಂಡಿಗಳಿಗೆ ಅಪಾಯ ತರುವಷ್ಟು ಉಬ್ಬಿತು.

"ಬೀಗರೇ, ನಮ್ದು ಬರೀ ಸ್ಟೀಲಿಂದು," ಎಂದರು ನಿಂಗರಾಜು. "ಇಂಥಾದ್ನ ಈಸ್ಕೊಳ್ಳಕ್ಕೆ ನಾಚ್ಕೆ ಆಯ್ತದೆ. ನಿಮ್ಮತ್ರನೇ ಇರ್ಲಿ, ತಕ್ಕೊಳ್ಳಿ."

ತಟ್ಟೆ ಕೈಯಳತೆಯಲ್ಲಿತ್ತು. ಹಿಡಿದುಕೊಂಡಿದ್ದರೆ ಮುಗಿದಿತ್ತು. ಆದರೆ ನೆಂಟರಿಷ್ಟರೆಲ್ಲ ನೋಡುತ್ತಿದ್ದರು. ಕೈಗಿಂತ ಮೊದಲು ಬಾಯಿ ಓಡಿತು.

"ಚೆ ಚೆ, ಕೊಟ್ಟಿದ್ದು ಕೊಟ್ಟಂಗೆ. ನಮ್ಮನೇಲಿ ಇಂಥವು ಇನ್ನೂ ಬಿದ್ದವೆ ಬುಡಿ."

ಮರಮ್ಮನ ಮುಖ ಅರಳಿತು. "ಅಂಗಾದ್ರೆ ಮದ್ವೆ ದಿನ ಇನ್ನೊಂದು ತನ್ನಿ ಅಣ್ಣ. ಸುಬಕಾರ್ಯಕ್ಕೆ ಒಂಟಿ ಬ್ಯಾಡ, ಜೋಡಿ ಆಗ್ಲಿ."

ಸಣ್ಣಬೀರಯ್ಯ ಮುಳುಗುವವನಂತೆ ಹೆಂಡತಿಯತ್ತ ನೋಡಿದರು.

"ತತ್ತಾರೆ ಬುಡಕ್ಕ," ಎಂದಳು ಪುಟ್ಟಸಿದ್ದಮ್ಮ, ಸೆರಗು ಸರಿಮಾಡಿಕೊಂಡು. "ನಾಕ್ ಜನದ ಮುಂದೆ ಅಂದೋರು ತರ್ದೆ ಇರ್ತಾರಾ?"

ಬೀಗರ ಕಾರು ಕಣ್ಮರೆಯಾದ ಮೇಲೆ ಸಣ್ಣಬೀರಯ್ಯ ಮಗಳ ಪಕ್ಕ ಹೋಗಿ ಮೆಲ್ಲಗೆ ಕೂತರು.

"ಮಗಾ, ಈ ಡೆನ್ಮಾರ್ಕು ಎಷ್ಟು ದೂರ ಆಯ್ತದೆ?"

"ವಿಮಾನ ಅತ್ಬೇಕು ಕಣಪ್ಪ. ಯಾಕೆ?"

"ಏನಿಲ್ಲ. ನಿನ್ ಮದ್ವೆ ಒಳಗೆ ಓಗಿ ಬಂದ್ಬುಡಬೌದಾ ಅಂತ."