ಶುಭಂ ನೋಡದ ನಮ್ಮಕ್ಕ

ಕರೆಂಟು ಹೋಗಬಹುದಿತ್ತು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ನಮ್ಮಿಬ್ಬರ ವಾಸ ಅಲ್ಲೇ ಆಗಿಬಿಡಬಹುದಿತ್ತು. ಕಂಪ್ಯೂಟರಿಗೆ ಕನ್ನಡ ಬಾರದೇ ಇರಬಹುದಿತ್ತು. ನಮಗೆ ಕಂಪ್ಯೂಟರು ಬಾರದು ಎಂಬುದಂತೂ ಮೊದಲೇ ಖಾತ್ರಿಯಿತ್ತು! ಪಾಸ್‌ವರ್ಡ್ ಮರೆಯಬಹುದಿತ್ತು. ಅದಕ್ಕೆಂದೇ ಅದನ್ನು ಮನೆಯಲ್ಲೇ ಆರಿಸಿ, ಎರಡು ಚೀಟಿಯಲ್ಲಿ ಬರೆದು ಎರಡು ಜೇಬಿಗೆ ಹಾಕಿಕೊಂಡೆ; ಆಮೇಲೆ ಚೀಟಿ ಕಳ್ಳರ ಕೈಗೆ ಸಿಕ್ಕರೆ ಎಂದು ಹೆದರಿ ಒಂದನ್ನು ಹರಿದೆ. ಏಸಿ ಗಾಳಿಗೆ ನನಗೆ ನೆಗಡಿಯಾಗಬಹುದಿತ್ತು. ಹುಡುಗರು ನಗಬಹುದಿತ್ತು. ಬರೆದದ್ದೆಲ್ಲ ಯಾವುದೋ ಒಂದು ಗುಂಡಿ ಒತ್ತಿದ ತಪ್ಪಿಗೆ ಮಾಯವಾಗಬಹುದಿತ್ತು.

ಇಷ್ಟೆಲ್ಲ ಚಿಂತೆ ಯಾಕೆ ಅಂತೀರಾ? ಹೈದರಾಬಾದಿನ ನಾರಾಯಣಗೂಡದ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ, ಸಿನಿಮಾ ಬಗ್ಗೆ ಬರೆಯುವುದನ್ನು ಕಲಿಸುವ ಸಂಜೆಯ ಕ್ಲಾಸಿಗೆ ನಮ್ಮಕ್ಕ ಹೆಸರು ಕೊಟ್ಟಿದ್ದಳು. ಅದಕ್ಕೆ ನಾನು ಹೆದರಬೇಕೇ? ಹೆದರಬೇಕು ಸ್ವಾಮಿ! ಯಾಕೆಂದರೆ ನಮ್ಮಕ್ಕ ಈ ಊರಿನ ಟಾಕೀಸುಗಳಲ್ಲಿ ನೋಡಿದ ಸಿನಿಮಾಗಳಿಗೆ ಲೆಕ್ಕವಿಲ್ಲ, ಆದರೆ ಒಂದರ ಕೊನೆಯನ್ನೂ ನೋಡಿದವಳಲ್ಲ.

ಇದಕ್ಕೆ ಕಾರಣ ನಮ್ಮ ಭಾವ, ಭಾವನಿಗೆ ಕಾರಣ ಅವರ ಸ್ಕೂಟರು. ಶೋ ಬಿಟ್ಟಮೇಲೆ ಸ್ಟ್ಯಾಂಡಿನಲ್ಲಿ ಆಗುವ ನೂಕುನುಗ್ಗಲು ಅವರಿಗೆ ಆಗುತ್ತಿರಲಿಲ್ಲ. ಪರದೆಯ ಮೇಲೆ ಹೀರೋ ಬೆಟ್ಟದ ತುದಿಯಲ್ಲಿ ಒಂದೇ ಕೈಲಿ ಜೋತಾಡುತ್ತಿದ್ದರೂ ಸರಿಯೇ, ಸಿನಿಮಾ ಮುಗಿಯಲು ಹತ್ತು ನಿಮಿಷ ಇದೆ ಎನ್ನುವಾಗ ಭಾವ ಏಳುತ್ತಿದ್ದರು. "ಏಳ್, ಏಳ್. ಶುಭಂ ನೋಡ್ಕೊಂತ ಕುಂತ್ರ ಗಾಡಿ ಒಳಗ ಸಿಕ್ಕೊಂತೈತಿ!" ಅಕ್ಕ ಸೆರಗು ಸರಿಮಾಡಿಕೊಂಡು, ಹಿಂದೆ ಹಿಂದೆ ತಿರುಗಿ ನೋಡುತ್ತ, ನಾಲ್ಕು ಜನರ ಕಾಲು ತುಳಿದು ಹೊರಗೆ.

ಹೊರಗೆ ಬಂದು ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ನಾಲ್ಕು ಒದೆ ಒದ್ದು, ಅದು ಕೆಮ್ಮಿ ಎಚ್ಚರಗೊಂಡಮೇಲೆ ಅಕ್ಕ ಹಿಂದೆ ಕೂತು ಕೇಳುವಳು, "ಮುಂದ ಏನಾತಂತ್ರಿ?"

ಭಾವನಿಗೇನು ಗೊತ್ತು? ಅವರೂ ಅವಳ ಜೊತೆಯೇ ಎದ್ದು ಬಂದವರು! ಆದರೂ ಹೇಳುತ್ತಿದ್ದರು. ಕತ್ತು ಅರ್ಧ ಹಿಂದಕ್ಕೆ ತಿರುಗಿಸಿ, ಗಾಳಿಗೆ ಎದುರಾಗಿ ಕೂಗುತ್ತ, ಮನೆಯವರೆಗೂ ಕೊನೆ ಹೇಳುತ್ತಿದ್ದರು. ಗಾಡಿ ಬಾಗಿಲಲ್ಲಿ ನಿಲ್ಲುವುದಕ್ಕೂ ಕಥೆ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ದಾರಿಯಲ್ಲಿ ಸಿಗ್ನಲ್ ಬಿದ್ದರೆ ಹೀರೋಗೆ ಇನ್ನೊಂದು ಫೈಟು. ರೈಲ್ವೆ ಗೇಟು ಹಾಕಿದ್ದರೆ ಅವನ ಕಳೆದುಹೋದ ತಮ್ಮನೇ ಸಿಕ್ಕಿಬಿಡುವನು! ಒಂದೇ ನಿಯಮ: ಭಾವನ ಕೊನೆಯಲ್ಲಿ ಯಾರೂ ಸಾಯುವಂತಿರಲಿಲ್ಲ.

ಭಾವ ಹೋದರು. ಅಕ್ಕ ನಮ್ಮ ಮಿಯಾಪುರದ ಫ್ಲ್ಯಾಟಿಗೆ ಬಂದಳು, ಅವಳ ಹಿಂದೆ ಭಾವನ ಆ ಕೊನೆಗಳೂ ಬಂದವು. ನಮ್ಮ ಎದುರು ಮನೆಯಲ್ಲಿ ಮೈಸೂರಿನ ಹುಡುಗಿಯೊಬ್ಬಳಿದ್ದಾಳೆ, ಕಂಪನಿ ಕೆಲಸದವಳು. ಒಂದು ಭಾನುವಾರ ಯಾವುದೋ ಹಳೆಯ ಸಿನಿಮಾದ ಮಾತು ಬಂತು.

"ಅಯ್ಯೋ, ಹೀರೋಯಿನ್ ಸತ್ತೋಗ್ತಾಳಲ್ಲ ಆಂಟಿ, ನಾನಂತೂ ಅತ್ತೂ ಅತ್ತೂ…"

"ಯಾರ್ ಹೇಳಿದ್ರವಾ ನಿನಗ? ಆಕಿ ಸಾಯಂಗಿಲ್ಲ. ನಾಕ್ ದಿನ ದವಾಖಾನ್ಯಾಗ ಇದ್ದು ಮನೀಗೆ ಬಂದ್ಲು. ಆಮ್ಯಾಲ ಆಕಿಗೆ ಜೋಡಿ ಮಕ್ಕಳಾದ್ವು!"

"ಆಂಟಿ, ಫೋನಲ್ಲೇ ಇದೆ, ತೋರಿಸ್ತೀನಿ ತಾಳಿ."

ಅಕ್ಕ ಅವಳ ಫೋನನ್ನು ಮೆತ್ತಗೆ ಬೋರಲು ಹಾಕಿ, "ನಿನ್ನ ಫೋನಿನ್ಯಾಗ ತಪ್ಪ್ ಬಂದೈತಿ. ಚಾ ಕುಡಿ" ಎಂದಳು.

ಮನೆಯಲ್ಲೂ ಹಾಗೇ. ಟಿವಿಯಲ್ಲಿ ಸಿನಿಮಾ ಮುಗಿಯಲು ಹತ್ತು ನಿಮಿಷ ಇರುವಾಗ ಅಕ್ಕ ಎದ್ದು ಹೋಗುತ್ತಾಳೆ, ಹೋಗುವಾಗ ಟಿವಿಯನ್ನೂ ಆರಿಸುತ್ತಾಳೆ. ಕೊಲೆಗಾರ ಯಾರೆಂದು ತಿಳಿಯದೆ ನನ್ನ ಹೆಂಡತಿ ಎಷ್ಟು ರಾತ್ರಿ ಒದ್ದಾಡಿದ್ದಾಳೋ! ಅಕ್ಕನಿಗೆ ಒಪ್ಪಿಗೆಯಾದದ್ದು ಧಾರಾವಾಹಿಗಳು ಮಾತ್ರ. ಅವು ಮುಗಿಯುವುದೇ ಇಲ್ಲವಲ್ಲ, ಏಳುವ ಪ್ರಶ್ನೆಯೇ ಇಲ್ಲ.

ಇಂಥವಳು ಒಂದು ದಿನ ಕ್ಲಾಸಿನ ಸುದ್ದಿ ತಂದಳು.

"ಈ ವಯಸ್ಸಿನ್ಯಾಗ ಕಾಲೇಜೇನಕ್ಕಾ?"

"ಯಾರ್ ಬೇಕಾದ್ರೂ ಬರಬೌದಂತ. ಯಾವ ಭಾಷಾದಾಗ ಬೇಕಾದ್ರೂ ಬರೀಬೌದಂತ. ನಿನ್ನ ಹೆಸರೂ ಕೊಟ್ಟೀನಿ."

"ನನ್ನ ಹೆಸರ್ಯಾಕ?"

"ಮನ್ಯಾಗ ಕುಂತ್ರ ನೀ ಚಿಂತಿ ಮಾಡ್ತಿ. ಅಲ್ಲೇ ಬಂದು ಮಾಡು."

ನಾನು ನಕ್ಕೆ. ಅವಳು ನಗಲಿಲ್ಲ. ಮಡಿಸುತ್ತಿದ್ದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು, "ತಮ್ಮಾ, ಅವ್ರು ಹೇಳಿದ್ದು ಒಂದೊಂದ ಮರೀಯಾಕತ್ತೀನಿ. ಮೊನ್ನೆ ಒಂದು ಸಿನಿಮಾ ನೆನಪಾತು, ಕೊನಿ ನೆನಪಾಗವಲ್ದು. ಎಲ್ಲಾ ಹೋಗೂದ್ರಾಗ ಬರದಿಡಬೇಕು. ಕೈಲೇ ಬರದ್ರ ನನ್ನ ಅಕ್ಷರ ನನಗ ತಿಳ್ಯಂಗಿಲ್ಲ. ಮಷೀನಿನ್ಯಾಗಾದ್ರ ಸಾಫ್ ಬರ್ತೈತಿ."

ಆಯಿತು, ಬರುತ್ತೇನೆ ಎಂದೆ. ಚಿಂತೆ ಮಾತ್ರ ಶುರುಮಾಡಿದೆ.

ಮೊದಲ ದಿನ. ಕರೆಂಟು ಇತ್ತು. ಲಿಫ್ಟು ಏರಿತು. ಕಂಪ್ಯೂಟರಿಗೆ ಕನ್ನಡ ಬಂತು. ಮೇಡಂ ಎಂದರೆ ಚಿಕ್ಕ ಹುಡುಗಿ, ತೆಲುಗು ಹಿಂದಿ ಎರಡನ್ನೂ ಒಂದೇ ಉಸಿರಿಗೆ ಆಡುವವಳು. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದು ಅವಳು ಹೇಳುತ್ತಿದ್ದಂತೆಯೇ ಅಕ್ಕ ಇಡೀ ಕೋಣೆಗೆ ಕೇಳುವಂತೆ, "ಏ ತಮ್ಮಾ, ನಮ್ಮ ಸ್ಕೂಟರ್ ನಂಬರ್ ಹಾಕಲೇನು?" ಎಂದಳು! ನಂಬರನ್ನೂ ಹೇಳಿದಳು. ಹಿಂದಿನ ಸಾಲಿನ ಹುಡುಗರು ನಕ್ಕರು ನಿಜ, ಆದರೆ ಅವರೇ ಎದ್ದು ಬಂದು ಅವಳ ಬೆರಳಿಗೆ ಅಕ್ಷರಗಳ ಜಾಗ ತೋರಿಸಿದರು.

ಆಮೇಲೆ ಮೇಡಂ ಬೋರ್ಡಿನ ಮೇಲೆ ವಿಷಯ ಬರೆದಳು. 'ನಿಮ್ಮ ಮೆಚ್ಚಿನ ಸಿನಿಮಾದ ಕೊನೆಯ ದೃಶ್ಯ.' ಇಂದೇ ಒಂದು ಪುಟ ಬರೆದು ಕಳಿಸಿದವರಿಗೆ ಮಾತ್ರ ಕ್ಲಾಸಿನಲ್ಲಿ ಜಾಗ!

ಇಷ್ಟು ದೊಡ್ಡ ಹೈದರಾಬಾದಿನಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಒಬ್ಬಳೇ ಹೆಂಗಸು ನನ್ನ ಪಕ್ಕದಲ್ಲಿ ಕೂತಿದ್ದಳು. ನಾನು ಹೇಗೋ ನನ್ನದನ್ನು ಮುಗಿಸಿ ವಾರೆಗಣ್ಣಲ್ಲಿ ನೋಡಿದೆ. ಅಕ್ಕ ಒಂದೇ ಬೆರಳಲ್ಲಿ, ಅವರೆಕಾಳು ಸುಲಿಯುವ ನಿಧಾನದಲ್ಲಿ ಟೈಪು ಮಾಡುತ್ತಿದ್ದಳು.

ಕಳಿಸುವ ಗುಂಡಿ ಒತ್ತುವ ಮೊದಲು ಮೇಡಂ ಬಂದು ಬಗ್ಗಿದಳು. ತೆಲುಗು ಓದುವ ಕಣ್ಣಿಗೆ ಕನ್ನಡ ಪಕ್ಕದ ಮನೆಯ ಅಂಗಳವಿದ್ದಂತೆ. ಎಡವಿ ಎಡವಿ ಓದಿದಳು, ತಿಳಿಯದಲ್ಲಿ ಅಕ್ಕನನ್ನು ಕೇಳಿದಳು. ಅಕ್ಕ ಬರೆದದ್ದು ಇಷ್ಟು: 'ನಾನು ನೋಡಿದ ಎಲ್ಲಾ ಸಿನಿಮಾದ ಕೊನೆ ದೃಶ್ಯ ಒಂದೇ. ಸ್ಕೂಟರ್ ಸ್ಟ್ಯಾಂಡು. ಒಳಗೆ ಸಂಗೀತ ಜೋರಾಗಿದೆ. ಹೊರಗೆ ಯಾರೂ ಇಲ್ಲ. ಅವರು ಕರವಸ್ತ್ರದಿಂದ ನನ್ನ ಸೀಟು ಒರೆಸುತ್ತಾರೆ.'

"ಆಂಟೀ, ಇದಿ ಎಂಡಿಂಗ್ ಕಾದು, ಪಾರ್ಕಿಂಗ್!" ಎಂದು ಮೇಡಂ ನಕ್ಕಳು. ಇದು ಕೊನೆಯಲ್ಲ, ಬರೀ ಪಾರ್ಕಿಂಗ್ ಅಂತೆ. ಅವಳು ಮತ್ತೆ ಮೊದಲಿಂದ ಓದಿದಳು. ಈ ಸಲ ನಗಲಿಲ್ಲ. ಅಕ್ಕನ ಬೆರಳು ಹಿಡಿದು ತಾನೇ ಗುಂಡಿಯ ಮೇಲಿಟ್ಟು ಒತ್ತಿಸಿದಳು. ಹೋಯಿತು! ಅಕ್ಕನಿಗೆ ಜಾಗ ಸಿಕ್ಕಿತು.

ಉಳಿದ ಹೊತ್ತಿಗೆ ಮೇಡಂ ದೀಪ ಆರಿಸಿ ಒಂದು ಕಪ್ಪುಬಿಳುಪು ಸಿನಿಮಾದ ಕೊನೆಯ ಭಾಗ ಹಾಕಿದಳು. ಕ್ಲಾರಿನೆಟ್ ಊದುವವನೊಬ್ಬ ಹೆಂಡತಿಯೊಡನೆ ಜಗಳಾಡಿ ರೈಲು ಹತ್ತುತ್ತಾನೆ. ಅವಳು ಪ್ಲಾಟ್‌ಫಾರ್ಮಿನ ಮೇಲೆ ಓಡುತ್ತಾಳೆ. ಅಷ್ಟರಲ್ಲಿ ಅಕ್ಕ ಎದ್ದಳು. ಇದನ್ನು ಎಡವಟ್ಟು ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೊತ್ತು ಮುಳುಗಿದರೆ ಎಡವಟ್ಟು ಅನ್ನುತ್ತೇವೆಯೇ? ಮೇಡಂಗೆ ಕೈಮುಗಿದು, ಯಾರದೋ ಕಾಲು ತುಳಿದು, ನಾನೂ ಹಿಂಬಾಲಿಸಿದೆ.

ಕೆಳಗೆ ಬಂದಾಗ ಅಕ್ಕನ ಕಾಲು ತಾನಾಗಿ ಕಾಲೇಜಿನ ಗಾಡಿ ಸ್ಟ್ಯಾಂಡಿನ ಕಡೆ ತಿರುಗಿತು.

"ಅಕ್ಕಾ, ನಾವು ಮೆಟ್ರೋದಾಗ ಬಂದೀವಿ."

"ನನಗ ಗೊತ್ತಿಲ್ಲೇನು?" ಎಂದಳು. ಆದರೂ ಒಂದು ಗಳಿಗೆ ಅಲ್ಲೇ ನಿಂತು, ಖಾಲಿ ಸಾಲನ್ನು ನೋಡಿದಳು.

ಮೆಟ್ರೋ ಹೊರಟಿತು. ಕಿಟಕಿಯ ಪಕ್ಕ ಕೂತ ಅಕ್ಕ, ಹೊರಗೆ ನೋಡುತ್ತಲೇ ಕೇಳಿದಳು, "ಮುಂದ ಏನಾತಂತ?"

ನಾನು! ಜೀವಮಾನವೆಲ್ಲ ಕೆಟ್ಟದ್ದನ್ನೇ ಊಹಿಸಿ ಬೆಳೆದವನು! ಮೊದಲು ಹೊಳೆದದ್ದು ರೈಲು ಹಳಿ ತಪ್ಪಿತು ಎಂದು. ಅದನ್ನು ನುಂಗಿದೆ. ಆಮೇಲೆ ಹೊಳೆದದ್ದು, ಟಿಕೆಟ್ ಕಳೆದುಕೊಂಡು ಟಿಸಿ ಕೈಗೆ ಸಿಕ್ಕಿಬಿದ್ದ ಎಂದು. ಅದನ್ನೂ ನುಂಗಿದೆ.

"ಅಂವ… ಮುಂದಿನ ಸ್ಟೇಷನ್ನಾಗ ಇಳದ."

"ಇಳದು?"

"ಟಾಂಗಾ ಮಾಡ್ಕೊಂಡು ವಾಪಸ್ ಬಂದ."

"ಕ್ಲಾರಿನೆಟ್ ರೈಲಿನ್ಯಾಗ ಬಿಟ್ನೇನು ಮತ್ತ?"

"ಇಲ್ಲ, ತಂದ."

"ಆಕಿ ಬಾಗಲಾ ತಗದ್ಲು?"

"ತಗದೇ ಇಟ್ಟಿದ್ಲು."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಆಮೇಲೆ ನನ್ನ ಮೊಣಕೈ ತಟ್ಟಿ ಹೇಳಿದಳು, "ಛಲೋ ಹೇಳಿದಿ. ಆದ್ರ ಭಾಳ ಲಗೂನ ಮುಗಿಸಿಬಿಟ್ಟಿ ನೋಡು. ಅವ್ರದು ಮನಿ ಬಾಗಲತನಾ ಬರ್ತಿತ್ತು."

ಅಂದು ಆದ ಎಡವಟ್ಟು ಅದೊಂದೇ. ಮುಂದಿನ ನಿಲ್ದಾಣ ಸುಲ್ತಾನ್ ಬಜಾರ್ ಬರುವಷ್ಟರಲ್ಲೇ ನನ್ನ ಕಥೆ ಮುಗಿದುಹೋಗಿತ್ತು. ಮಿಯಾಪುರ ಇನ್ನೂ ಬಹಳ ದೂರವಿತ್ತು.